ಅಳತೆ ಕೊಟ್ಟು ಟೈಟಾನಿಯಂ ಸೈಕಲ್ ಮಾಡಿಸಿದವರು ಇದ್ದೀರಾ? ಮುಂಗಡ ಕಳಿಸುವ ಮುಂಚೆ ಕೇಳುತ್ತಿದ್ದೇನೆ

ಗಿರಿಸವಾರಿ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ಗಣಿತ ಟೀಚರ್. ಆರು ವರ್ಷದಿಂದ ಸೈಕಲ್ ತುಳಿಯುತ್ತಿದ್ದೇನೆ. 200 ಕಿ.ಮೀ. ಬ್ರೆವೆ (ಗೊತ್ತಾದ ಟೈಮಿನೊಳಗೆ ಮುಗಿಸುವ ದೂರದ ಸವಾರಿ) ಎರಡು, 300 ಒಂದು ಮುಗಿಸಿದ್ದೇನೆ. ಮುಂದಿನ ಸೀಸನ್‌ಗೆ 600ರ ಆಸೆ ಇದೆ. ಅದಕ್ಕೆ 40 ಗಂಟೆ ಟೈಮ್ ಕೊಡುತ್ತಾರೆ. ಅಷ್ಟು ಹೊತ್ತು ಮೇಲೆ ಕೂರಬೇಕು ಅಂದರೆ ಸೈಕಲ್ ಮೈಗೆ ಒಗ್ಗಬೇಕು. ನನ್ನದು ಒಗ್ಗಿಲ್ಲ.

ನನ್ನ ಎತ್ತರ 4 ಅಡಿ 11 ಇಂಚು. ತೂಕ 46 ಕೆ.ಜಿ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಸೈಜ್ ತಗೊಂಡೆ. ಸೀಟ್ ಪೂರ್ತಿ ಇಳಿಸಿದೆ, ಸ್ಟೆಮ್ (ಹ್ಯಾಂಡಲನ್ನು ಹಿಡಿದಿಡುವ ತುಂಡು) ಗಿಡ್ಡ ಮಾಡಿದೆ. ಆದರೂ ಹ್ಯಾಂಡಲ್ ದೂರವೇ. 150 ಕಿ.ಮೀ. ಆದಮೇಲೆ ಕುತ್ತಿಗೆ ಹಿಡಿದುಕೊಳ್ಳುತ್ತೆ. ಅದನ್ನಾದರೂ ಸಹಿಸಬಹುದು. ಹೋದ ನವೆಂಬರ್‌ನಲ್ಲಿ ಕೈಮರದಿಂದ ಸೀತಾಳಯ್ಯನಗಿರಿ ಕಡೆ ಏರುತ್ತಿದ್ದೆ. ಒಂದು ಹೇರ್‌ಪಿನ್ ತಿರುವಿನಲ್ಲಿ, ನಿಧಾನವಾಗಿ ಹ್ಯಾಂಡಲ್ ತಿರುಗಿಸುವಾಗ, ಮುಂದಿನ ಟೈರ್ ನನ್ನ ಶೂ ತುದಿಗೆ ತಾಗಿ ಸಿಕ್ಕಿಕೊಂಡಿತು. ಅಲ್ಲೇ ಬಿದ್ದೆ. ಹಿಂದೆ ಜೀಪ್ ಬರುತ್ತಿತ್ತು. ಅವರು ಬ್ರೇಕ್ ಹಾಕಿದ್ದರಿಂದ ಬಚಾವ್.

ಆಮೇಲೆ ಓದಿಕೊಂಡೆ. ಚಿಕ್ಕ ಫ್ರೇಮಿಗೆ ದೊಡ್ಡ 700ಸಿ ಚಕ್ರ ಹಾಕಿದರೆ ಪೆಡಲಿಗೂ ಚಕ್ರಕ್ಕೂ ನಡುವೆ ಜಾಗ ಉಳಿಯುವುದಿಲ್ಲವಂತೆ. ಅಳತೆಗೆ ಮಾಡಿಸಿದರೆ ಇದನ್ನು ಸರಿ ಮಾಡಬಹುದು.

ಹೊರದೇಶದ ಒಬ್ಬ ಸಣ್ಣ ಬಿಲ್ಡರ್ ಜೊತೆ ಮಾತಾಡಿದ್ದೇನೆ. ಶೆಡ್‌ನಲ್ಲಿ ಇಬ್ಬರೇ ಕೆಲಸ ಮಾಡೋದು. ಟೈಟಾನಿಯಂ ಮಾತ್ರ ಮಾಡುತ್ತಾರೆ. ಅರ್ಧ ದುಡ್ಡು ಮುಂಗಡ, ಐದು ತಿಂಗಳು ಕಾಯಬೇಕು. ಇದಕ್ಕೆಂದೇ ಚೀಟಿ ಎತ್ತಿದ್ದೇನೆ. ಜೀವನದಲ್ಲಿ ಒಂದೇ ಸಲ ಮಾಡುವ ಖರ್ಚು. ಬಿಲ್ಡರ್‌ಗೆ ಏನು ಕೇಳಬೇಕು, ಎಲ್ಲಿ ಎಡವುತ್ತೇವೆ, ದಯವಿಟ್ಟು ಹೇಳಿ.

ಬೇಲೂರು ಸ್ಟೀಲ್ (ಬೇಲೂರು)

ಮೇಡಂ, ಮೊದಲು ಒಂದು ಮಾತು. ನಿಮ್ಮ ತೊಂದರೆ ಅಳತೆಯದ್ದು, ಲೋಹದ್ದಲ್ಲ. ಅದೇ ಅಳತೆಗೆ ಸ್ಟೀಲ್ ಫ್ರೇಮ್ ಮಾಡಿಸಿದರೆ ತುಂಬಾ ಕಡಿಮೆಗೆ ಆಗುತ್ತೆ. ಮುರಿದರೆ ಬೆಸುಗೆ ಹಾಕುವವರು ಎಲ್ಲ ಊರಲ್ಲೂ ಸಿಗುತ್ತಾರೆ. ನನ್ನ ಸ್ಟೀಲ್ ಸೈಕಲ್‌ಗೆ 19 ವರ್ಷ. ಹಳೇಬೀಡು, ಅರಸೀಕೆರೆ ಅಂತ ಇನ್ನೂ ಓಡುತ್ತಿದೆ. ಉಳಿದ ದುಡ್ಡಿಗೆ ಒಳ್ಳೆ ಚಕ್ರ, ಒಳ್ಳೆ ಟೈರ್ ತಗೊಳ್ಳಿ.

ಗಿರಿಸವಾರಿ

ಸರ್, ನೀವು ಹೇಳಿದ್ದು ಸರಿ. ನಾನೂ ಮೊದಲು ಸ್ಟೀಲ್ ಕಡೆಯೇ ಇದ್ದೆ. ಆದರೆ ನಾನು ಮಳೆಗಾಲದಲ್ಲೂ ತುಳಿಯುವವಳು. ಅಮ್ಮನ ಮನೆ ಕೊಟ್ಟಿಗೆಹಾರದ ಹತ್ತಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫ್ರೇಮಿನ ಒಳಗಿನ ನೀರು ಎಲ್ಲಿಂದ ಒಣಗಬೇಕು? ನನ್ನ ತಮ್ಮನ ಸ್ಟೀಲ್ ಸೈಕಲ್ ನಾಲ್ಕು ಮಳೆ ಕಂಡಿತು. ಬಾಟಮ್ ಬ್ರಾಕೆಟ್ (ಪೆಡಲ್ ಕ್ರ್ಯಾಂಕ್ ತಿರುಗುವ ಬೇರಿಂಗ್) ಬಿಚ್ಚಿದಾಗ ಒಂದು ಹಿಡಿ ಕೆಂಪು ಪುಡಿ ಉದುರಿತು. ಬೇಲೂರಿನ ಮಳೆಗೂ ನಮ್ಮ ಮಳೆಗೂ ವ್ಯತ್ಯಾಸ ಇದೆ ಅಲ್ವಾ?

ಬೇಲೂರು ಸ್ಟೀಲ್

ಕೊಟ್ಟಿಗೆಹಾರ ಅಂದಮೇಲೆ ನಾನು ವಾದ ಮಾಡಲ್ಲ ಮೇಡಂ. ಆದರೂ ಒಳಗೆ ಅಗಸೆ ಎಣ್ಣೆ ಬಳಿದರೆ ಸ್ಟೀಲ್ ಬಹಳ ಕಾಲ ಬರುತ್ತೆ. ಬೇರೆ ಓದುವವರಿಗಾಗಿ ಹೇಳಿದೆ.

ಹೇಮಾವತಿ ದಡ (ಹಾಸನ)

ಅಕ್ಕ, ನಾನು ಮೂರು ವರ್ಷದ ಹಿಂದೆ ಮಾಡಿಸಿದೆ. ಫ್ರೇಮ್ ಮೇಲೆ ಪ್ರೀತಿ ಒಂದಿಷ್ಟೂ ಕಡಿಮೆ ಆಗಿಲ್ಲ. ಆದರೆ ಎರಡು ತಪ್ಪು ಮಾಡಿದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಡ್ರಾಯಿಂಗ್. ಬಿಲ್ಡರ್ ಒಂದು ನಕ್ಷೆ ಕಳಿಸುತ್ತಾರೆ. ತುಂಬಾ ಜನ ಬೈಕ್‌ಕ್ಯಾಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತಾರೆ. ನೀವು ಒಪ್ಪಿ ಸಹಿ ಹಾಕಿದ ಮೇಲೆಯೇ ಟ್ಯೂಬ್ ಕತ್ತರಿಸೋದು. ಆಮೇಲೆ ಏನೂ ಬದಲಾಗಲ್ಲ. ನಾನು ಬಣ್ಣ, ಲೋಗೋ ನೋಡಿ ಖುಷಿಯಾಗಿ ಅದೇ ರಾತ್ರಿ ಸಹಿ ಹಾಕಿ ಕಳಿಸಿದೆ. ಫ್ರೇಮ್ ಬಂದಮೇಲೆ ನೋಡುತ್ತೇನೆ, ಮಡ್‌ಗಾರ್ಡ್ ಕೂರಿಸಲು ತೂತೇ ಇಲ್ಲ! ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಮಲೆನಾಡಿನ ಪಕ್ಕದಲ್ಲಿದ್ದುಕೊಂಡು ಮಡ್‌ಗಾರ್ಡ್ ಇಲ್ಲದ ಸೈಕಲ್. ಈಗ ಕ್ಲಾಂಪ್ ಹಾಕಿ ಹೇಗೋ ಕಟ್ಟಿದ್ದೇನೆ. ಪ್ರತಿ ಸಲ ನೋಡಿದಾಗ ಹೊಟ್ಟೆ ಉರಿಯುತ್ತೆ.

ಎರಡನೆಯದು ಸೀಟ್‌ಪೋಸ್ಟ್. ಟೈಟಾನಿಯಂ ಫ್ರೇಮಿಗೆ ಅಲ್ಯೂಮಿನಿಯಂ ಪೋಸ್ಟ್ ಹಾಕಿ ಒಂದು ಮಳೆಗಾಲ ಹಾಗೇ ಬಿಟ್ಟೆ. ಲೋಹ ಕಚ್ಚಿಕೊಳ್ಳದ ಹಾಗೆ ತಡೆಯುವ ಆ್ಯಂಟಿ-ಸೀಜ್ ಪೇಸ್ಟ್ ಹಚ್ಚಿರಲಿಲ್ಲ. ಎರಡು ಬೇರೆ ಲೋಹ, ನಡುವೆ ನೀರು. ಅಲ್ಯೂಮಿನಿಯಂ ತುಕ್ಕು ಹಿಡಿದು ಬಿಳಿ ಪುಡಿಯಾಗಿ ಉಬ್ಬಿ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು ಎರಡು ದಿನ ಕಾದೆ. ಇಬ್ಬರು ನಿಂತು ತಿರುಗಿಸಿದೆವು. ಕದಲಲಿಲ್ಲ. ಕೊನೆಗೆ ಪೋಸ್ಟನ್ನು ಮೇಲೆ ಕೊಯ್ದು, ಹ್ಯಾಕ್ಸಾ ಬ್ಲೇಡನ್ನು ಬರಿಗೈಯಲ್ಲಿ ಒಳಗೆ ಬಿಟ್ಟು, ಉದ್ದಕ್ಕೂ ಸೀಳಿ, ಇಕ್ಕಳದಲ್ಲಿ ಮಡಚಿ ತೆಗೆಯಬೇಕಾಯಿತು. ಇಡೀ ಭಾನುವಾರ ಹೋಯಿತು. ಬ್ಲೇಡ್ ಎಲ್ಲಿ ಫ್ರೇಮಿಗೆ ತಾಗುತ್ತೋ ಅಂತ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಈಗ ಆರು ತಿಂಗಳಿಗೊಮ್ಮೆ ಪೋಸ್ಟ್ ಹೊರಗೆ ತೆಗೆದು, ಒರೆಸಿ, ಪೇಸ್ಟ್ ಹಚ್ಚಿ ಹಾಕುತ್ತೇನೆ. ಕಾರ್ಬನ್ ಪೋಸ್ಟ್ ಆದರೆ ಅದಕ್ಕೆ ಬೇರೆ ಪೇಸ್ಟ್ ಬರುತ್ತೆ. ಟೈಟಾನಿಯಂ ಥ್ರೆಡ್ ಇರುವ ಕಡೆ ಬೋಲ್ಟ್‌ಗಳಿಗೂ ಪೇಸ್ಟ್ ಬೇಕೇ ಬೇಕು.

ಇನ್ನೊಂದು. ಬಾಟಮ್ ಬ್ರಾಕೆಟ್ ಥ್ರೆಡ್ ಇರುವುದನ್ನೇ ಕೇಳಿ. 68 ಮಿ.ಮೀ. ಬಿಎಸ್ಎ ಅನ್ನೋ ಅಳತೆ ಆದರೆ ಯಾವ ಊರಲ್ಲೂ ಸಿಗುತ್ತೆ, ಕಿರುಗುಟ್ಟೋದು ಕಡಿಮೆ. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗ ತೂಗುವ ತುಂಡು) ಯುಡಿಎಚ್ ಇರಲಿ. 2019ರಲ್ಲಿ ಗೇರ್ ಕಂಪನಿ ಸ್ರಾಮ್‌ನವರು ತಂದ ಅಳತೆ ಅದು. ಈಗ ಎಷ್ಟೋ ಕಂಪನಿಗಳು ಅದನ್ನೇ ಬಳಸುತ್ತವೆ, ಹಾಗಾಗಿ ಬಿಡಿ ಭಾಗಕ್ಕೆ ಬಿಲ್ಡರ್ ಹತ್ತಿರ ಕೈಚಾಚಬೇಕಿಲ್ಲ.

ಚಾರ್ಮಾಡಿ ಮಂಜು (ಮೂಡಿಗೆರೆ)

ಒಂದು ಸಣ್ಣ ಪ್ರಶ್ನೆ. ಸಣ್ಣ ಬಿಲ್ಡರ್ ಯಾಕೆ? ಅಮೆರಿಕದ ಕೊಲರಾಡೋದ ಮೂಟ್ಸ್, ಮೆಸಾಚುಸೆಟ್ಸ್‌ನಲ್ಲಿ 1997ರಿಂದ ಇರುವ ಸೆವೆನ್, ಇವರೆಲ್ಲ ಹೆಸರಾದವರು ಅಲ್ವಾ?

ಗಿರಿಸವಾರಿ

ಅಲ್ಲೆಲ್ಲ ಫ್ರೇಮ್ ಒಂದಕ್ಕೇ 4-5 ಸಾವಿರ ಡಾಲರ್ ಮೇಲೆ ಹೋಗುತ್ತೆ. ನನ್ನ ಚೀಟಿ ಅಷ್ಟು ದೊಡ್ಡದಲ್ಲ. ಚೀನಾದ ಬಾವೋಜಿ ಕಡೆಯಿಂದ ಇನ್ನೂ ಕಡಿಮೆಗೆ ಮಾಡಿಕೊಡುತ್ತಾರೆ. ಅದನ್ನೂ ನೋಡಿದೆ. ಕೊನೆಗೆ ಈ ಸಣ್ಣ ಬಿಲ್ಡರನ್ನು ಆರಿಸಿದ್ದು ಒಂದೇ ಕಾರಣಕ್ಕೆ. ಮೊದಲ ಕರೆಯಲ್ಲೇ ಅವರು ಒಂದು ಗಂಟೆ ನನ್ನನ್ನು ಕೇಳಿದರು. ಎಲ್ಲಿ ನೋಯುತ್ತೆ, ಎಷ್ಟು ಹೊತ್ತಿಗೆ ಶುರುವಾಗುತ್ತೆ, ರಸ್ತೆ ಹೇಗಿದೆ, ಬ್ಯಾಗ್ ಎಷ್ಟು ಭಾರ, ಶೂ ಸೈಜ್ ಎಷ್ಟು. ಬೆಲೆಯ ಮಾತು ಕೊನೆಗೆ ಬಂತು.

ಆರ್ಗಾನ್ ಶೆಡ್ (ಹಾಸನ)

ಮೇಡಂ, ನಾನು ಸೈಕಲ್‌ನವನಲ್ಲ, ವೆಲ್ಡರ್. ಮಗ ಈ ಚರ್ಚೆ ತೋರಿಸಿದ. ಈಗ ಹಾಸನದಲ್ಲಿ ಡೇರಿ ಪೈಪ್, ಸ್ಟೇನ್‌ಲೆಸ್ ಟ್ಯಾಂಕ್ ಮಾಡುತ್ತೇನೆ. ಮೊದಲು ಬೆಂಗಳೂರಿನಲ್ಲಿ ಎರಡು ವರ್ಷ ಟೈಟಾನಿಯಂ ಟಿಗ್ ವೆಲ್ಡಿಂಗ್ (ಆರ್ಗಾನ್ ಗ್ಯಾಸ್ ಹರಿಸುತ್ತಾ ಹಾಕುವ ಬೆಸುಗೆ) ಮಾಡಿದ್ದೆ. ಆ ಅನುಭವದಿಂದ ಹೇಳುತ್ತೇನೆ.

ಟೈಟಾನಿಯಂ ತಣ್ಣಗಿದ್ದಾಗ ಯಾವುದಕ್ಕೂ ಜಗ್ಗಲ್ಲ. ಉಪ್ಪು ನೀರಿಗೂ ತುಕ್ಕು ಹಿಡಿಯಲ್ಲ. ಆದರೆ ಬಿಸಿಯಾದಾಗ ಹಸಿದ ಮಗುವಿನ ಹಾಗೆ. ಸುಮಾರು 400 ಡಿಗ್ರಿ ದಾಟಿದರೆ ಗಾಳಿಯಲ್ಲಿರುವ ಆಕ್ಸಿಜನ್, ನೈಟ್ರೋಜನ್ ಎಲ್ಲ ಹೀರಿಕೊಳ್ಳಲು ಶುರು ಮಾಡುತ್ತೆ. ಹೀರಿಕೊಂಡ ಜಾಗ ಗಡುಸಾಗಿ ಪೆಡಸಾಗುತ್ತೆ. ಅವತ್ತೇ ಮುರಿಯಲ್ಲ. ತುಳಿದು ತುಳಿದು ಒಂದು ದಿನ ಬಿರುಕು ಬಿಡುತ್ತೆ. ಅದಕ್ಕೇ ಟಾರ್ಚಿನ ಆರ್ಗಾನ್ ಒಂದೇ ಸಾಲದು. ಟ್ಯೂಬಿನ ಒಳಗೂ ಆರ್ಗಾನ್ ತುಂಬಿಸಬೇಕು. ಬೆಸುಗೆ ಹಾಕಿ ಮುಂದೆ ಹೋದಮೇಲೂ ಹಿಂದಿನ ಬಿಸಿ ಜಾಗದ ಮೇಲೆ ಆರ್ಗಾನ್ ಹರಿಯುತ್ತಲೇ ಇರಬೇಕು. ಕೆಲಸಕ್ಕೆ ಮುಂಚೆ ಅಸಿಟೋನ್‌ನಲ್ಲಿ ಒರೆಸಬೇಕು. ಆಮೇಲೆ ಬರಿ ಬೆರಳು ತಾಗಿಸುವಂತಿಲ್ಲ. ಬೆರಳಿನ ಜಿಡ್ಡೇ ಸಾಕು ಬೆಸುಗೆ ಕೆಡಲು.

ಕೆಲಸ ಹೇಗಾಗಿದೆ ಅಂತ ಬಣ್ಣ ನೋಡಿ ಹೇಳಬಹುದು. ಬೆಳ್ಳಿ ಹಾಗೆ ಹೊಳೆದರೆ ಉತ್ತಮ. ತೆಳು ಹುಲ್ಲಿನ ಬಣ್ಣ ಇದ್ದರೂ ಪರವಾಗಿಲ್ಲ. ನೇರಳೆ, ನೀಲಿ ಬಂದರೆ ಗಾಳಿ ನುಗ್ಗಿದೆ ಅಂತ ಅರ್ಥ. ನೋಡಲು ಚೆಂದ ಇರುತ್ತೆ, ಮೋಸ ಹೋಗಬೇಡಿ. ಬೂದಿ ಬಣ್ಣ, ಬಿಳಿ ಪುಡಿ ಇದ್ದರೆ ಆ ಫ್ರೇಮ್ ಬೇಡವೇ ಬೇಡ.

ಆದರೆ ಫ್ರೇಮ್ ನಿಮ್ಮ ಕೈಗೆ ಬರುವಾಗ ಉಜ್ಜಿ ಪಾಲಿಶ್ ಮಾಡಿರುತ್ತಾರೆ. ಬಣ್ಣ ಅಳಿಸಿ ಹೋಗಿರುತ್ತೆ. ಅದಕ್ಕೇ ಉಜ್ಜುವ ಮುಂಚೆ ಫೋಟೋ ಕಳಿಸಿ ಅಂತ ಕೇಳಿ. ಕೆಲಸದ ಮೇಲೆ ನಂಬಿಕೆ ಇರುವವನು ಖುಷಿಯಿಂದ ಕಳಿಸುತ್ತಾನೆ.

ಗಿರಿಸವಾರಿ

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಖಂಡಿತ ಕೇಳುತ್ತೇನೆ. ಗ್ರೇಡ್ 9, ಗ್ರೇಡ್ 5 ಅಂತ ಎರಡು ಹೇಳುತ್ತಾರೆ. ಗ್ರೇಡ್ 5 ಗಟ್ಟಿ, ಜಾಸ್ತಿ ದುಡ್ಡು ಕೊಟ್ಟು ಅದನ್ನೇ ತಗೋಬೇಕಾ?

ಆರ್ಗಾನ್ ಶೆಡ್

ಬೇಡ. ಗ್ರೇಡ್ 9 ಅಂದರೆ ನೂರಕ್ಕೆ 3 ಭಾಗ ಅಲ್ಯೂಮಿನಿಯಂ, 2.5 ಭಾಗ ವೆನೇಡಿಯಂ, ಉಳಿದದ್ದು ಟೈಟಾನಿಯಂ. ವಿಮಾನದ ಹೈಡ್ರಾಲಿಕ್ ಪೈಪಿಗೆ ಬಳಸುವ ಲೋಹ. ಟ್ಯೂಬ್ ಎಳೆಯಲು ಹೇಳಿ ಮಾಡಿಸಿದ ಹಾಗಿದೆ. ಗ್ರೇಡ್ 5 ಅಂದರೆ 6 ಮತ್ತು 4. ಗಟ್ಟಿ ನಿಜ, ಆದರೆ ಟ್ಯೂಬ್ ಎಳೆಯುವುದು ಕಷ್ಟ. ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರುವ ತುಂಡು) ಥರದ ಕಡೆದು ಮಾಡುವ ಭಾಗಗಳಿಗೆ ಅದು ಸರಿ.

ಗ್ರೇಡ್‌ಗಿಂತ ಟ್ಯೂಬಿನ ದಪ್ಪ ಕೇಳಿ. ಟೈಟಾನಿಯಂ ತೂಕದಲ್ಲೂ ಬಿಗಿತದಲ್ಲೂ ಸ್ಟೀಲಿನ ಅರ್ಧಕ್ಕೆ ಹತ್ತಿರ. ಅದಕ್ಕೇ ಟ್ಯೂಬಿನ ವ್ಯಾಸ ದೊಡ್ಡದು ಮಾಡುತ್ತಾರೆ. ವ್ಯಾಸ ಸ್ವಲ್ಪ ಹೆಚ್ಚಾದರೂ ಬಿಗಿತ ಬಹಳ ಹೆಚ್ಚುತ್ತೆ. 80 ಕೆ.ಜಿ. ಆಳಿಗೆ ಹಾಕುವ ಟ್ಯೂಬನ್ನೇ 46 ಕೆ.ಜಿ.ಯವರಿಗೆ ಹಾಕಿದರೆ ಸೌದೆ ಮೇಲೆ ಕೂತ ಹಾಗಿರುತ್ತೆ.

ಗಿರಿಸವಾರಿ

ಐದು ವಾರದ ನಂತರ ಬರೆಯುತ್ತಿದ್ದೇನೆ. ಮುಂಗಡ ಕಳಿಸಿದೆ. ನಿನ್ನೆ ಡ್ರಾಯಿಂಗ್ ಬಂತು. ಸಹಿ ಹಾಕಿಲ್ಲ, ಮೊದಲು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಳತೆ ಕೊಟ್ಟಿದ್ದು ಟೈಲರ್‌ಗೆ ಹಳೇ ಬ್ಲೌಸ್ ಕೊಟ್ಟ ಹಾಗೆ. ಹಳೇ ಸೈಕಲಿನಲ್ಲಿ ಸೀಟ್ ಎಷ್ಟು ಎತ್ತರ, ಬಾಟಮ್ ಬ್ರಾಕೆಟ್‌ನಿಂದ ಎಷ್ಟು ಹಿಂದೆ, ಹ್ಯಾಂಡಲ್ ಎಲ್ಲಿ, ಎಲ್ಲ ಅಳೆದು ಕಳಿಸಿದೆ. ಸೀಟ್ ಹಾಗೇ ಇರಲಿ, ಹ್ಯಾಂಡಲ್ 35 ಮಿ.ಮೀ. ಹತ್ತಿರ ಬರಲಿ ಅಂದೆ.

ಚಕ್ರ 650ಬಿ (700ಸಿಗಿಂತ ಚಿಕ್ಕದು), ಟೈರ್ 38. ಕ್ರ್ಯಾಂಕ್ 155 ಮಿ.ಮೀ. ರೀಚ್ (ಬಾಟಮ್ ಬ್ರಾಕೆಟ್‌ನಿಂದ ಹೆಡ್ ಟ್ಯೂಬ್ ಮೇಲ್ತುದಿ ಎಷ್ಟು ಮುಂದೆ) 355, ಹೆಡ್ ಆಂಗಲ್ (ಆ ಟ್ಯೂಬಿನ ಓರೆ) 70 ಡಿಗ್ರಿ, ಸ್ಟೆಮ್ 60. ಫೋರ್ಕ್ ಕಾರ್ಬನ್, ಆಫ್‌ಸೆಟ್ 55. ಬಾಟಮ್ ಬ್ರಾಕೆಟ್‌ನಿಂದ ಮುಂದಿನ ಆಕ್ಸಲ್‌ಗೆ 578. ಬಾಟಲ್ ಎರಡು ಒಳಗೆ, ಒಂದು ಕೆಳಗೆ. ಮಡ್‌ಗಾರ್ಡ್ ತೂತು ಇದೆ. ಹೇಮಾವತಿ ದಡ, ನಿಮಗೆ ಥ್ಯಾಂಕ್ಸ್!

ಲೆಕ್ಕ ಹಾಕಿದೆ. ಹಳೇ ಚಕ್ರ 622, 32ರ ಟೈರ್ ಸೇರಿ 686, ಅರ್ಧ 343. ಹೊಸದು 584, 38ರ ಟೈರ್ ಸೇರಿ 660, ಅರ್ಧ 330. ಅಲ್ಲಿಗೆ 13 ಮಿ.ಮೀ. ಉಳಿಯಿತು. ಕ್ರ್ಯಾಂಕ್ 170ರಿಂದ 155ಕ್ಕೆ ಇಳಿದಿದ್ದರಿಂದ ಇನ್ನು 15. ಒಟ್ಟು 28. ಪೆಡಲ್ ಆಕ್ಸಲ್‌ನಿಂದ ನನ್ನ ಶೂ ತುದಿ 88 ಮುಂದಿದೆ. 578ರಲ್ಲಿ 330, 155, 88 ಕಳೆದರೆ ಟೈರ್ ಮತ್ತು ಶೂ ನಡುವೆ 5 ಮಿ.ಮೀ. ಉಳಿಯುತ್ತೆ. ತಾಗಲ್ಲ. ಸಹಿ ಹಾಕಲಾ?

ಹೇಮಾವತಿ ದಡ

ಅಕ್ಕ, ನಿಲ್ಲಿ. ಈ ಲೆಕ್ಕ ಟೈರಿಗೆ ಮಾಡಿದ್ದೀರಿ. ಮಡ್‌ಗಾರ್ಡ್ ಟೈರಿಗಿಂತ ಒಂದು ಸೆಂ.ಮೀ. ಹೊರಗೆ ಇರುತ್ತೆ. 5 ಮಿ.ಮೀ. ಅಲ್ಲೇ ಮುಗಿದು ಹೋಯಿತು, ಮೇಲೆ ಇನ್ನೂ 5 ಒಳಗೆ ಬಂತು. ಮಳೆಗಾಲದಲ್ಲಿ ಶೂ ಮಡ್‌ಗಾರ್ಡಿಗೆ ತಾಗೇ ತಾಗುತ್ತೆ. ಮಡ್‌ಗಾರ್ಡ್ ಸಿಕ್ಕಿಕೊಂಡರೆ ಟೈರ್ ಸಿಕ್ಕಿಕೊಳ್ಳುವುದಕ್ಕಿಂತ ಅಪಾಯ. ಅದು ಮಡಚಿ ಚಕ್ರದೊಳಗೆ ಹೋಗಬಹುದು.

ಚಾರ್ಮಾಡಿ ಮಂಜು

ಅಯ್ಯೋ, ಒಳ್ಳೆ ಟೈಮಿಗೆ ಹೇಳಿದಿರಿ ಮಾರಾಯ್ರೆ.

ಗಿರಿಸವಾರಿ

ಎದೆ ಧಸಕ್ ಅಂತು. ಮಡ್‌ಗಾರ್ಡ್ ತೂತು ಕೇಳಿದ್ದು ನಾನೇ, ಲೆಕ್ಕದಲ್ಲಿ ಬಿಟ್ಟಿದ್ದೂ ನಾನೇ. ಬಿಲ್ಡರ್‌ಗೆ ಈಗಲೇ ಬರೆಯುತ್ತೇನೆ.

ಗಿರಿಸವಾರಿ

ಎರಡು ದಿನಕ್ಕೆ ಉತ್ತರ ಬಂತು. ಅವರು ಒಂದು ಮಾತೂ ಬೇಸರ ಮಾಡದೆ ಡ್ರಾಯಿಂಗ್ ತಿದ್ದಿದ್ದಾರೆ. ರೀಚ್ 10 ಮಿ.ಮೀ. ಹೆಚ್ಚಿಸಿ 365 ಮಾಡಿದರು, ಸ್ಟೆಮ್ 10 ಇಳಿಸಿ 50 ಮಾಡಿದರು. ಅಂದರೆ ನನ್ನ ಕೈ ಇರುವ ಜಾಗ ಬದಲಾಗಲ್ಲ, ಮುಂದಿನ ಚಕ್ರ ಮಾತ್ರ ಮುಂದೆ ಹೋಗುತ್ತೆ. ಹೆಡ್ ಆಂಗಲ್ 69.5. ಈಗ ಆಕ್ಸಲ್‌ಗೆ 592. ಶೂ ತುದಿಗೂ ಟೈರಿಗೂ 19, ಮಡ್‌ಗಾರ್ಡ್ ಕಳೆದರೆ 9. ಒಂದು ಕಿರುಬೆರಳು ಹಿಡಿಯುತ್ತೆ.

ಇನ್ನೊಂದು ಹೊಸ ವಿಷಯ ಕಲಿತೆ. ಫೋರ್ಕ್ ಯಾವುದು ಅಂತ ಗಟ್ಟಿ ಮಾಡದೆ ಫ್ರೇಮ್ ಶುರು ಮಾಡಬಾರದಂತೆ. ಫೋರ್ಕ್ 20 ಮಿ.ಮೀ. ಉದ್ದ ಆದರೆ ಹೆಡ್ ಆಂಗಲ್ ಸುಮಾರು ಒಂದು ಡಿಗ್ರಿ ಬದಲಾಗುತ್ತೆ. ಅವರು ಫೋರ್ಕ್ ಮೊದಲು ತರಿಸಿ, ಅಳೆದು, ಆಮೇಲೆ ಟ್ಯೂಬ್ ಕತ್ತರಿಸುತ್ತಾರೆ. ಸಹಿ ಹಾಕಿದೆ.

ಸಕಲೇಶಪುರ ಪಾರ್ಸೆಲ್ (ಸಕಲೇಶಪುರ)

ಮೇಡಂ, ಕಸ್ಟಮ್ಸ್ ಬಗ್ಗೆ ಯಾರೂ ಹೇಳಿಲ್ಲ. ನನಗೆ ಆಮದು ಕೆಲಸದ ಪರಿಚಯ ಇದೆ. ಡ್ಯೂಟಿ ಬರೀ ಫ್ರೇಮಿನ ಬೆಲೆ ಮೇಲೆ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಅದರ ಮೇಲೆ ಐಜಿಎಸ್‌ಟಿ (ಆಮದಿಗೆ ಹಾಕುವ ಜಿಎಸ್‌ಟಿ). ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ, ಅಷ್ಟು ಉಳಿತಾಯ. ಪೂರ್ತಿ ಸೈಕಲ್ ಕಸ್ಟಮ್ಸ್ ಸಂಖ್ಯೆ 8712ರಲ್ಲಿ ಬರುತ್ತೆ, ಫ್ರೇಮ್ ಮತ್ತು ಫೋರ್ಕ್ 8714ರಲ್ಲಿ. ಇನ್‌ವಾಯ್ಸ್‌ನಲ್ಲಿ ಸರಿಯಾದ ಸಂಖ್ಯೆ ಬರೆಸಿ. ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ, ಕಾಗದ ರೆಡಿ ಇಟ್ಟುಕೊಳ್ಳಿ. ಬೆಲೆ ಕಮ್ಮಿ ಬರೆಯಲಾ, ಗಿಫ್ಟ್ ಅನ್ನಲಾ ಅಂತ ಯಾರಾದರೂ ಕೇಳಿದರೆ ಬೇಡ ಅನ್ನಿ. ಅದು ತಪ್ಪು. ದಾರಿಯಲ್ಲಿ ಪೆಟ್ಟಾದರೆ ವಿಮೆಯೂ ಬರೆದಷ್ಟಕ್ಕೇ ಸಿಗೋದು.

ಗಿರಿಸವಾರಿ

ಇದನ್ನು ಹಾಗೇ ಬಿಲ್ಡರ್‌ಗೆ ಕಳಿಸಿದೆ. ಸರಿ ಅಂದರು.

ಗಿರಿಸವಾರಿ

ಬೆಸುಗೆ ಮುಗಿದಿದೆ. ಉಜ್ಜುವ ಮುಂಚಿನ ಫೋಟೋ 14 ಕಳಿಸಿದ್ದಾರೆ. ಕೇಳಿದ್ದಕ್ಕೆ ಅವರಿಗೆ ಖುಷಿ ಆಯ್ತಂತೆ. ಆರ್ಗಾನ್ ಶೆಡ್ ಸರ್, ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ದಯವಿಟ್ಟು ನೋಡಿ.

ಆರ್ಗಾನ್ ಶೆಡ್

ನೋಡಿದೆ ಮೇಡಂ. ದೊಡ್ಡದು ಮಾಡಿ ಎರಡೆರಡು ಸಲ ನೋಡಿದೆ. ಬೆಳ್ಳಿ ಬಣ್ಣ, ಒಂದೆರಡು ಕಡೆ ತೆಳು ಹುಲ್ಲಿನ ಬಣ್ಣ. ಬಾಟಮ್ ಬ್ರಾಕೆಟ್ ಕೆಳಗೆ, ಚೈನ್‌ಸ್ಟೇ (ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಟ್ಯೂಬ್) ಎರಡೂ ಸೇರುವ ಇಕ್ಕಟ್ಟಿನಲ್ಲಿ ಟಾರ್ಚ್ ಹೋಗುವುದೇ ಕಷ್ಟ. ಅಲ್ಲೂ ಸಾಲು ಕೆಟ್ಟಿಲ್ಲ. ಅಲೆ ಅಲೆಯಾಗಿ ಒಂದೇ ಸಮ ಇದೆ. ಆ ಕೈಗೆ ನನ್ನ ನಮಸ್ಕಾರ ತಿಳಿಸಿ.

ಗಿರಿಸವಾರಿ

ಬಂತು! ಐದು ತಿಂಗಳು, ಹನ್ನೊಂದು ದಿನ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಟೇಪ್ ಹಿಡಿದು ಅಳೆದೆ. ಎಲ್ಲ ಡ್ರಾಯಿಂಗ್ ಪ್ರಕಾರವೇ ಇದೆ. ನಮ್ಮೂರಿನ ಸೈಕಲ್ ಅಂಗಡಿಯ ಅಣ್ಣ ಎರಡು ಸಂಜೆ ಕೂತು ಜೋಡಿಸಿದರು. ಪ್ರತಿ ಬೋಲ್ಟಿಗೂ ಪೇಸ್ಟ್ ಹಚ್ಚಿಸಿದೆ, ಸೀಟ್‌ಪೋಸ್ಟಿಗಂತೂ ನಾನೇ ಹಚ್ಚಿದೆ. ಬಣ್ಣ ಹಾಕಿಸಿಲ್ಲ. ಮೋಡದ ದಿನ ನಮ್ಮ ಗಿರಿ ಹೇಗೆ ಕಾಣುತ್ತೆ, ಆ ಬೂದು ಬಣ್ಣ. ಗೀರು ಬಿದ್ದರೆ ಪಾತ್ರೆ ಉಜ್ಜುವ ಹಸಿರು ಸ್ಕ್ರಬ್‌ನಲ್ಲಿ ಒಂದೇ ದಿಕ್ಕಿಗೆ ಉಜ್ಜಿ ಅಂದಿದ್ದಾರೆ.

ಇವತ್ತು ಬೆಳಗ್ಗೆ ಕೈಮರದಿಂದ ಹತ್ತಿದೆ. ಸಣ್ಣ ಜಡಿಮಳೆ. ಬಿದ್ದ ತಿರುವು ಬರುವಾಗ ಕೈ ತಾನಾಗಿ ಬ್ರೇಕ್ ಹಿಡಿಯಿತು. ನಿಂತೆ. ಒಂದು ಕಾಲು ಊರಿ, ಇನ್ನೊಂದು ಕಾಲಿನ ಪೆಡಲ್ ಮುಂದೆ ತಂದು, ಹ್ಯಾಂಡಲನ್ನು ಆ ಕಡೆ ಈ ಕಡೆ ನಿಧಾನವಾಗಿ ತಿರುಗಿಸಿದೆ. ಮಡ್‌ಗಾರ್ಡ್ ಶೂ ಮುಂದಿನಿಂದ ಹಾದು ಹೋಯಿತು. ನಡುವೆ ಕಿರುಬೆರಳು ಇಟ್ಟು ನೋಡಿದೆ. ಹಿಡಿಯಿತು. ಆಮೇಲೆ ಸ್ವಲ್ಪ ಕೆಳಗೆ ಇಳಿದು, ಮತ್ತೆ ಹತ್ತಿ, ಅದೇ ತಿರುವನ್ನು ನಿಲ್ಲಿಸದೆ ತೆಗೆದುಕೊಂಡೆ. ಮೂರು ಸಲ.

ಬೇಲೂರು ಸ್ಟೀಲ್

ಓದಿ ತುಂಬಾ ಸಂತೋಷ ಆಯ್ತು ಮೇಡಂ. ಟೈರ್ ಯಾವುದು ಹಾಕಿದಿರಿ? ಗಾಳಿ ಎಷ್ಟು? 46 ಕೆ.ಜಿ.ಗೆ 38ರ ಟೈರಿನಲ್ಲಿ ಜಾಸ್ತಿ ಗಾಳಿ ತುಂಬಿಸಬೇಡಿ.

ಗಿರಿಸವಾರಿ

ಈಗ 40 ಪಿಎಸ್ಐ ಇದೆ ಸರ್. ಸೀತಾಳಯ್ಯನಗಿರಿ ಆಚೆಯ ಕಲ್ಲುರಸ್ತೆಯಲ್ಲಿ ಇನ್ನೂ ಸ್ವಲ್ಪ ಪುಟಿಯುತ್ತೆ. ಇಳಿಸಿ ನೋಡುತ್ತೇನೆ. ಭಾನುವಾರ ಮತ್ತೆ ಹೋಗುತ್ತಿದ್ದೇನೆ, ಐದೂವರೆಗೆ ಕೈಮರ ಚೆಕ್‌ಪೋಸ್ಟ್ ಹತ್ತಿರ ಇರುತ್ತೇನೆ. ನೀವೂ ಬನ್ನಿ, ನಿಮ್ಮ 19 ವರ್ಷದ ಸ್ಟೀಲ್ ಸೈಕಲ್ ತನ್ನಿ. ಹಾಸನದವರು ಆರ್ಗಾನ್ ಶೆಡ್ ಸರ್ ಅನ್ನೂ ಕಾರಿನಲ್ಲಿ ಕರಕೊಂಡು ಬನ್ನಿ. ಅವರು ಆ ಬಾಟಮ್ ಬ್ರಾಕೆಟ್ ಕೆಳಗಿನ ಬೆಸುಗೆ ಕೈಯಲ್ಲಿ ಮುಟ್ಟಿ ನೋಡಬೇಕು.